ಗದ್ದೆ ಕೊಯ್ದ ಮೇಲೂ ಬಡಿಯುವ ಡಬ್ಬ

ಗದ್ದೆ ಕೊಯ್ದು, ಹೊರೆ ಹೊತ್ತು, ತೆನೆ ಬಡಿದು, ಭತ್ತವನ್ನು ಮನೆಯೊಳಗಿನ ಪಣತಕ್ಕೆ ತುಂಬಿ ಇಪ್ಪತ್ತು ದಿನ ಕಳೆದಿದ್ದವು. ಆದರೂ ಮನೆಯ ಕೆಳಗಿನ ಬಯಲಿನಲ್ಲಿ ಡಬ್ಬ ಬಡಿಯುತ್ತಲೇ ಇತ್ತು.

ಕಾಡುಹಂದಿ ಹೆದರಿಸಲು ಆ ಡಬ್ಬ ಕಟ್ಟಿದವನು ಕರಿಯಪ್ಪನೇ. ಹಳ್ಳದ ನೀರನ್ನು ಸೀಳಿದ ಬಿದಿರಿನಲ್ಲಿ ಹರಿಸಿ ತಂದು ಒಂದು ಮರದ ದಿಂಡಿನ ತಲೆಯ ಮೇಲೆ ಬೀಳುವಂತೆ ಮಾಡಿದ್ದ. ದಿಂಡಿನ ತಲೆಯಲ್ಲಿ ಮರಿಗೆಯಂತೆ ಕೊರೆದ ಒಂದು ಗುಂಡಿ. ಅದು ತುಂಬಿದರೆ ತಲೆ ಬಗ್ಗುತ್ತದೆ, ನೀರು ಚೆಲ್ಲುತ್ತದೆ, ಹಗುರಾದ ತಲೆ ಮೇಲೇಳುತ್ತದೆ, ಆಗ ಬಾಲ ಬಂದು ಹಳೆಯ ಎಣ್ಣೆ ಡಬ್ಬದ ಮೇಲೆ ಬೀಳುತ್ತದೆ. ಢಣ್. ಮತ್ತೆ ತುಂಬುತ್ತದೆ, ಮತ್ತೆ ಢಣ್. ಬೀಡಿ ಕೇಳದೆ, ಬಯ್ಯಿಸಿಕೊಳ್ಳದೆ ಹಗಲೂ ರಾತ್ರಿ ಗದ್ದೆ ಕಾಯುವ ಆಳು ಅದು. ಬಾಳ್ಳುಪೇಟೆಯ ಸುತ್ತ ಡಬ್ಬ ಕಟ್ಟುವವರು ಬೇಕಾದಷ್ಟು ಮಂದಿ ಇದ್ದರೂ ಒಂದೇ ಹದಕ್ಕೆ ಬಡಿಯುವಂತೆ ಕಟ್ಟುವವನು ತಾನೊಬ್ಬನೇ ಎಂದು ಕರಿಯಪ್ಪನ ಎಣಿಕೆ. ಈ ಲೋಕದಲ್ಲಿ ಅವನು ಪೂರ್ತಿ ನಂಬಿದ್ದ ವಸ್ತುಗಳಲ್ಲಿ ಅದೂ ಒಂದು. ಉಳಿದವು ಯಾವುವು ಎಂದು ಕೇಳಬೇಡಿ, ಪಟ್ಟಿ ಅಲ್ಲಿಗೇ ಮುಗಿಯಿತು.

ಪ್ರತಿ ವರ್ಷ ಭತ್ತ ಒಳಗೆ ಸೇರಿದ ಮಾರನೆಯ ದಿನವೇ ದಿಂಡು ಕೆಳಗಿಳಿಯುತ್ತಿತ್ತು. ಈ ವರ್ಷ, ಅಂದರೆ ಎರಡು ಸಾವಿರದ ಮೂರನೇ ಇಸವಿಯ ಜನವರಿಯಲ್ಲಿ, ಇಳಿಯಲಿಲ್ಲ. ಇಳಿಸಲು ಬಿಡದವಳು ಅವನ ಹೆಂಡತಿ ಬೆಟ್ಟಮ್ಮ.

"ಬೋರಯ್ಯಂಗೆ ಹೇಳಿ ದಿಂಡು ಇಳಿಸ್ಬುಡ್ತೀನಿ," ಎಂದು ಅವನು ಮನೆಯಾಳಿನ ಹೆಸರೆತ್ತಿದಾಗ ಅವಳು ಒಲೆಯ ಮುಂದಿನಿಂದ ತಟ್ಟನೆ ತಿರುಗಿದಳು.

"ಇರ್ಲಿ ಬುಡಿ. ಹಂದಿ ಬತ್ತವೆ."

"ಏನು, ಕೂಳೆ ತಿನ್ನಕ್ಕಾ?"

"ಬಂದ್ರೆ?"

"ಬಂದ್ರೆ ತಿನ್ಕೊಂಡು ಹೋಗ್ಲಿ. ಬರೀ ಗದ್ದೆ ಕಾಯಕ್ಕೆ ಯಾವನಾದ್ರೂ ಡಬ್ಬ ಕಟ್ತಾನೇನೇ?"

"ಅದರ ಪಾಡಿಗೆ ಅದು ಬಡ್ಕೊಳ್ತಾ ಐತೆ. ನಿಮ್ಗೇನು ಕಷ್ಟ?"

ಮೂವತ್ತು ವರ್ಷದ ಸಂಸಾರದಲ್ಲಿ ಬೆಟ್ಟಮ್ಮ ಡಬ್ಬದ ಸುದ್ದಿಗೆ ಬಂದವಳೇ ಅಲ್ಲ. ಈಗ ವಾರದೊಳಗೆ ಮೂರು ಸಲ ಅಡ್ಡ ಬಂದಿದ್ದಳು. ಮೂರನೇ ಸಲ ಅವಳ ದನಿಯಲ್ಲಿ ಅಂಗಲಾಚುವಂಥದ್ದೇನೋ ಇತ್ತು. ಕರಿಯಪ್ಪ ಹುಬ್ಬು ಗಂಟಿಕ್ಕಿಕೊಂಡು ಹೊರಗೆ ನಡೆದ. ಬಾಯಿಬಿಟ್ಟು ಕೇಳುವುದು ಅವನ ಕ್ರಮವಲ್ಲ. ಅನುಮಾನವನ್ನು ಅವನು ಹಲಸಿನ ಹಣ್ಣಿನ ಹಾಗೆ ಮೂಲೆಯಲ್ಲಿಟ್ಟು ಹಣ್ಣಾಗಲು ಬಿಡುತ್ತಿದ್ದ.

ಈ ಅನುಮಾನವೇನೂ ಒಂಟಿಯಾಗಿ ಹುಟ್ಟಿದ್ದಲ್ಲ. ಅದಕ್ಕೊಬ್ಬ ಅಣ್ಣನಿದ್ದ, ಜೀಪಿನ ಅನುಮಾನ.

ಕರಿಯಪ್ಪನದು ಹದಿನೆಂಟು ಎಕರೆಯ ಕಾಫಿ ತೋಟ. ಹಣ್ಣು ಬಿಡಿಸುವ ಕಾಲಕ್ಕೆ ದಿನಾ ಬೆಳಿಗ್ಗೆ ಆನೇಮಹಲ್‌ಗೆ ಹೋಗಿ ಹತ್ತು ಹನ್ನೆರಡು ಹೆಂಗಸರನ್ನು ಜೀಪಿನಲ್ಲಿ ತುಂಬಿಕೊಂಡು ಬರುವುದು ಅವನೇ. ಸ್ಟೇರಿಂಗಿಗೆ ಇನ್ನೊಬ್ಬರ ಕೈ ಸೋಕಿಸಿದವನಲ್ಲ. ಜೀಪಿನ ಕೀಲಿಯನ್ನು ಸೊಂಟದ ಉಡಿದಾರಕ್ಕೆ ಗಂಟು ಹಾಕಿಕೊಂಡಿದ್ದ, ಬಿಚ್ಚಿದ್ದನ್ನು ಕಂಡವರಿಲ್ಲ. ಜೀಪು ಸ್ಟಾರ್ಟ್ ಮಾಡುವಾಗ ಸೊಂಟವನ್ನೇ ಬಾಗಿಸುತ್ತಿದ್ದ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಡಿಸೆಂಬರ್ ಮೊದಲ ವಾರ ಅದೇ ಜೀಪು ಇಳಿಜಾರಿನ ತಿರುವಿನಲ್ಲಿ ತಿರುಗಲೇ ಇಲ್ಲ. ನೆಟ್ಟಗೆ ಹೋಗಿ ಒಂದು ಸಿಲ್ವರ್ ಮರಕ್ಕೆ ಗುದ್ದಿ ನಿಂತಿತು. ಮರ ಇಲ್ಲದಿದ್ದರೆ ಕೆಳಗೆ ನಲವತ್ತು ಅಡಿ ಕಮರಿ. ಇಬ್ಬರು ಹೆಂಗಸರ ಮೊಣಕಾಲಿನ ಚರ್ಮ ಕಿತ್ತುಹೋಯಿತು, ಕರಿಯಪ್ಪನ ಹಣೆ ಸೀಳಿತು. ಸ್ಟೇರಿಂಗ್ ಲಾಕಾಯಿತು ಎಂದ ಅವನು. ಮೆಕಾನಿಕ್ ಇಡೀ ದಿನ ಬಿಚ್ಚಿ ನೋಡಿ, ಸ್ಟೇರಿಂಗಿಗೆ ಏನೂ ಆಗಿಲ್ಲವೆಂದು ಆಣೆ ಮಾಡಿದ. ಅಂದಮೇಲೆ ಮೆಕಾನಿಕ್ಕನಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದಾಯಿತು.

ಮುಂದಿನ ಸೀಟಿನಲ್ಲಿ ಕೂತಿದ್ದವಳು ಗಂಗಾಮಣಿ. ಅವಳದು ಇದ್ದದ್ದು ಇದ್ದ ಹಾಗೆ ಹೇಳುವ ಬಾಯಿ.

"ಗೌಡ್ರು ನಿದ್ದೆ ಹೋಗಿದ್ರು ಕಣ್ರವ್ವಾ. ಬಾಯಿ ತೆರ್ಕೊಂಡಿತ್ತು. ನಾನು ಕೂಗ್ದೆ, ಕೇಳ್ಲಿಲ್ಲ."

ಜೀಪು ರಿಪೇರಿಯಾಗಿ ಬಂದ ಮೇಲೆ ಗಂಗಾಮಣಿ ಅದನ್ನು ಹತ್ತಲಿಲ್ಲ. ನಾಲ್ಕು ಮೈಲಿ ನಡೆದೇ ಬರತೊಡಗಿದಳು, ನಡೆದೇ ಹೋಗುತ್ತಿದ್ದಳು. ಜೀಪು ದಾಟುವಾಗ ರಸ್ತೆಯ ಬದಿಗೆ ಸರಿದು, ಚಕ್ರಗಳನ್ನೇ ದಿಟ್ಟಿಸುತ್ತಾ ನಿಲ್ಲುತ್ತಿದ್ದಳು. ಬಯ್ದಿದ್ದರೆ ಕರಿಯಪ್ಪನಿಗೆ ಇಷ್ಟು ಉರಿಯುತ್ತಿರಲಿಲ್ಲ.

ಇನ್ನು ಅಳಿಯ ಮೋಹನ್. ಒಬ್ಬಳೇ ಮಗಳ ಗಂಡ, ಬಾಳ್ಳುಪೇಟೆಯಲ್ಲಿ ರೇಡಿಯೋ ಟೀವಿ ರಿಪೇರಿ ಅಂಗಡಿ. ಮಾತು ಕಡಿಮೆ, ನಯ ಜಾಸ್ತಿ. ಇಂಥ ನಯವನ್ನು ಕಂಡರೆ ಕರಿಯಪ್ಪನ ಕಿವಿ ಮೊದಲೇ ನಿಮಿರುತ್ತಿತ್ತು. ಅಪಘಾತವಾದ ಸಂಜೆ ಅವನು ಬಂದು, "ಮಾವ, ಇನ್ಮೇಲೆ ಬೆಳಿಗ್ಗೆ ಜೀಪು ನಾನೇ ಬಿಟ್ಕೊಡ್ಲಾ? ಅಂಗಡಿ ಬಾಗಿಲು ತೆಗೆಯೋದು ಹೆಂಗೂ ಹತ್ತಕ್ಕೆ," ಎಂದು ಬಿಟ್ಟ. ಕರಿಯಪ್ಪನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಇವತ್ತು ಜೀಪಿನ ಕೀಲಿ ಕೇಳಿದವನು ನಾಳೆ ತೋಟದ ಕಾಗದ ಕೇಳದೆ ಇರುತ್ತಾನೆಯೇ?

ಹಣೆಯ ಹೊಲಿಗೆ ಬಿಚ್ಚಿಸಲು ಸಕಲೇಶಪುರಕ್ಕೆ ಹೋದಾಗ ಡಾಕ್ಟರ್ ಚನ್ನಬಸವಯ್ಯ ಗಾಯ ನೋಡಿದ್ದಕ್ಕಿಂತ ಹೆಚ್ಚಾಗಿ ಅವನ ಕತ್ತು ನೋಡಿದರು. ದಪ್ಪ ಕತ್ತು, ಹಿಂದೆ ಎರಡು ಮಡಿಕೆ. ಬಿ.ಪಿ. ನೋಡಿ ತುಟಿ ಕಚ್ಚಿದರು. ಆಮೇಲೆ ಕೇಳಿದರು: "ಗೊರಕೆ ಹೊಡೀತೀರಾ?"

"ಗಂಡಸು ಅಂದ್ಮೇಲೆ ಹೊಡೀದೆ ಇರ್ತಾನಾ?"

"ಎಲ್ಲಾ ಗೊರಕೆಗೂ ಮದ್ದು ಮಾಡ್ತೀನಿ ಅಂತ ಕೂತ್ರೆ ನಾನು ಇಡೀ ತಾಲ್ಲೂಕಿಗೆ ಮಾಡ್ಬೇಕಾಗ್ತದೆ. ಬರೀ ಗೊರಕೆಯಾದ್ರೆ ತೂಕ ಇಳಿಸಿ, ಸಂಜೆ ಹಾಕ್ಕೊಳೋದು ಬಿಡಿ, ಮಗ್ಗುಲಿಗೆ ಮಲಗಿ ಅಂತ ಕಳಿಸ್ತೀನಿ. ಆದ್ರೆ ಗೊರಕೆ ಮಧ್ಯೆ ಉಸಿರು ನಿಲ್ತದಾ? ಎಷ್ಟು ಹೊತ್ತು ನಿಲ್ತದೆ? ಹಗಲು ಕೂತಲ್ಲೇ ತೂಕಡಿಸ್ತೀರಾ? ಅದು ಗೊತ್ತಾಗ್ಬೇಕು. ಒಂದೊಂದು ಸಲ ಅರ್ಧ ನಿಮಿಷದ ಮೇಲೆ ನಿಲ್ಲೋ ಹಾಗಿದ್ರೆ, ಅದೂ ಗಾಡಿ ಓಡಿಸೋರಾದ್ರೆ, ಸುಮ್ನೆ ಬಿಡೋ ವಿಷ್ಯ ಅಲ್ಲ. ಮಂಗಳೂರಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡ್ತಾರೆ. ಬೇಕಾದ್ರೆ ಮೂಗಿಗೆ ಕಟ್ಕೊಳೋ ಒಂದು ಮೆಷಿನ್ನು ಬಂದಿದೆ, ಗಾಳಿ ಊದ್ತಾ ಇರ್ತದೆ." ಡಾಕ್ಟರು ಬೆಟ್ಟಮ್ಮನ ಕಡೆ ತಿರುಗಿದರು. "ನೀವು ನೋಡಿದೀರಾ ಅಮ್ಮ?"

ಬೆಟ್ಟಮ್ಮ ಬಾಯಿ ತೆರೆದಳು. ಕರಿಯಪ್ಪ ಅವಳನ್ನು ದುರುಗುಟ್ಟಿ ನೋಡಿದ. ಅವಳು ಬಾಯಿ ಮುಚ್ಚಿದಳು.

"ಏನೂ ನಿಲ್ಲಲ್ಲ ಸಾರ್. ಉಸ್ರು ನಿಂತೋನು ಬೆಳಿಗ್ಗೆ ಎದ್ದು ಕಾಫಿ ಕುಡೀತಾನಾ?" ಎಂದು ಅವನೇ ಉತ್ತರ ಕೊಟ್ಟ.

"ಒಂದು ಟೇಪ್ ರೆಕಾರ್ಡರ್ ಇಟ್ಟು ನೋಡಿ, ಗೊತ್ತಾಗ್ತದೆ," ಎಂದು ಡಾಕ್ಟರು ಚೀಟಿ ಬರೆದರು.

ಬಸ್ಸಿನಲ್ಲಿ ಬರುವಾಗ ಕರಿಯಪ್ಪ ಹೆಂಡತಿಗೆ ಬಿಡಿಸಿ ಹೇಳಿದ. ಮಂಗಳೂರಿಗೆ ಒಂದೊಂದು ಕುರಿ ಅಟ್ಟಿದರೆ ಈ ಡಾಕ್ಟರಿಗೆ ಏನಾದರೂ ಸಿಗುತ್ತಿರಬೇಕು. ಅದೂ ಎಂಥ ಮೆಷಿನ್ನು! ಸಂಜೆ ಏಳಕ್ಕೆ ಹೋದ ಕರೆಂಟು ಹೊತ್ತು ಮೂಡಿದ ಮೇಲೆ ಬರುವ ಊರಿಗೆ ಕರೆಂಟಿನ ಮೆಷಿನ್ನು. ರೋಗ ಅಂತ ಒಂದು ಸಲ ಕಾಗದದ ಮೇಲೆ ಬರೆಸಿಕೊಂಡರೆ ಮುಗಿಯಿತು, ನಾಳೆ ಅಳಿಯ ಅದನ್ನೇ ಹಿಡಿದು, ಮಾವನಿಗೆ ಆಗುವುದಿಲ್ಲ, ತೋಟ ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಇಷ್ಟು ಹೇಳುವಷ್ಟರಲ್ಲಿ ಬಾಗೆ ಬಂತು. ಬಾಗೆಯಿಂದ ಬಾಳ್ಳುಪೇಟೆಯವರೆಗೆ ಅವನು ಮುಂದಿನ ಸೀಟಿನ ಕಂಬಿಗೆ ಹಣೆಯಿಟ್ಟು ನಿದ್ದೆ ಮಾಡಿದ. ಬೆಟ್ಟಮ್ಮ ಹೊಲಿಗೆ ಬಿಚ್ಚಿದ ಗಾಯಕ್ಕೆ ಕಂಬಿ ತಾಗದ ಹಾಗೆ ಅಂಗೈ ಅಡ್ಡ ಹಿಡಿದು ಕೂತಿದ್ದಳು. ಅದು ಅವನಿಗೆ ಗೊತ್ತಾಗಲಿಲ್ಲ.

ಅವನಿಗೆ ಗೊತ್ತಾದದ್ದು ಬೇರೆ ಸಂಗತಿಗಳು. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡ ಪಕ್ಕೆಯಲ್ಲಿ ನೀಲಿಗಟ್ಟಿದ ಗುರುತು ಕಂಡಿತು. ಕೇಳಿದರೆ ಬೆಟ್ಟಮ್ಮ, "ಮಂಚಕ್ಕೆ ತಾಗಿರ್ಬೇಕು," ಎಂದಳು, ಮುಖ ಕೊಡದೆ. ಕಳೆದ ಗುರುವಾರ ಮೋಹನ್ ಹಿತ್ತಿಲ ಬಾಗಿಲಲ್ಲಿ ನಿಂತು ಬಟ್ಟೆ ಸುತ್ತಿದ ಒಂದು ಪೆಟ್ಟಿಗೆಯಂಥದ್ದನ್ನು ಅತ್ತೆಯ ಕೈಗೆ ಕೊಟ್ಟು ಏನೋ ಪಿಸುಗುಟ್ಟಿ ಹೋದ. ಸ್ಟೋರಿನ ಕಿಟಕಿಯಿಂದ ಕರಿಯಪ್ಪ ಅದನ್ನು ಕಂಡ. ಮಾವ ಮನೆಯಲ್ಲಿದ್ದರೂ ಮಾತಾಡಿಸದೆ ಹೋಗುವ ಅಳಿಯ! ಅದೇ ಅವಳು, ಅದೇ ವಾರ, ಡಬ್ಬ ಇಳಿಸಬೇಡಿ ಎನ್ನುತ್ತಾಳೆ.

ಶನಿವಾರದ ಹೊತ್ತಿಗೆ ಅನುಮಾನ ಹಣ್ಣಾಯಿತು. ಮನೆಯ ಮುಂದಿನ ಕಣದಲ್ಲಿ ಕಾಫಿ ಒಣಗುತ್ತಿದೆ. ಸಂಜೆ ಗುಡ್ಡೆ ಮಾಡಿ ತಾರ್ಪಾಲು ಮುಚ್ಚುತ್ತಾರೆ. ಯಾರಾದರೂ ಚೀಲ ತುಂಬಿ ಎಳೆದರೆ ಸದ್ದಾಗುತ್ತದೆ. ಆದರೆ ಕೆಳಗೆ ಒಂದು ಡಬ್ಬ ಬಡಿಯುತ್ತಲೇ ಇದ್ದರೆ? ಅದಕ್ಕೆ ಒಗ್ಗಿದ ಕಿವಿಗೆ ಆ ಸದ್ದಿನಲ್ಲಿ ಈ ಸದ್ದೂ ಮುಳುಗಿಹೋಗುತ್ತದೆ. ಅಳಿಯ, ಹೆಂಡತಿ, ಡಬ್ಬ! ಕರಿಯಪ್ಪನಿಗೆ ತನ್ನ ಬುದ್ಧಿಯ ಬಗ್ಗೆಯೇ ಒಂದು ಕ್ಷಣ ಅಭಿಮಾನ ಉಕ್ಕಿತು. ಕಟ್ಟಿಕೊಂಡವಳ ಬಗ್ಗೆ ಹೀಗೆ ಯೋಚಿಸುತ್ತಿದ್ದೇನಲ್ಲ ಎಂಬ ನಾಚಿಕೆ ಅದರ ಹಿಂದೆಯೇ ಬಂತಾದರೂ ಅಭಿಮಾನ ದಪ್ಪವಾಗಿತ್ತು, ನಾಚಿಕೆಗೆ ಜಾಗ ಸಿಗಲಿಲ್ಲ.

ಭಾನುವಾರ ಹೊತ್ತು ಮುಳುಗುವ ಮುಂಚೆ ಅವನೇ ಬಯಲಿಗಿಳಿದು ದಿಂಡನ್ನು ಕಿತ್ತು ಹೆಗಲ ಮೇಲೆ ಹೊತ್ತು ತಂದು ಸ್ಟೋರಿಗೆ ಹಾಕಿದ. ಕಾಫಿ ಗುಡ್ಡೆಯ ಸುತ್ತ ಒಲೆಯ ಬೂದಿಯಿಂದ ಗೆರೆ ಎಳೆದ. ಕಳ್ಳ ಮುಟ್ಟಿದರೆ ಬೂದಿ ಹೇಳುತ್ತದೆ.

ಬೆಟ್ಟಮ್ಮ ಒಳಗಿನಿಂದ ಓಡಿ ಬಂದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

"ಡಬ್ಬ ಯಾಕೆ ನಿಂತೋಯ್ತು?"

"ನಾನೇ ಇಳಿಸ್ದೆ. ಯಾಕೆ, ಏನಾಗ್ಬೇಕಿತ್ತು ಅದ್ರಿಂದ?"

ಅವಳ ಮುಖ ಬಿಳಿಚಿಕೊಂಡಿತು. ಬಯಲಿನ ಕಡೆಗೊಮ್ಮೆ, ಅವನ ಕಡೆಗೊಮ್ಮೆ ನೋಡಿದಳು. ಕೊನೆಗೆ, "ಏನಿಲ್ಲ," ಎಂದು ಒಳಗೆ ಹೋದಳು. ಸಿಕ್ಕಿಬಿದ್ದಳು ಎಂದುಕೊಂಡ ಕರಿಯಪ್ಪ.

ಬೆಳಿಗ್ಗೆ ಎಂದಿನ ಹಾಗೆಯೇ ಎದ್ದ. ಬಾಯಿ ಒಣಗಿ ಮರಳಾಗಿತ್ತು, ತಲೆ ಒಡೆಯುತ್ತಿತ್ತು, ಮಲಗಿ ಎದ್ದರೂ ಮಲಗದ ಹಾಗಿನ ಸುಸ್ತು. ಮೊದಲು ಕಣಕ್ಕೆ ಹೋಗಿ ನೋಡಿದ. ಬೂದಿಯ ಗೆರೆ ಗುಲಗಂಜಿಯಷ್ಟೂ ಕದಲಿರಲಿಲ್ಲ. ಇದರಿಂದ ಅವನಿಗೆ ಸಮಾಧಾನವಾಗುವ ಬದಲು ಬೇಸರವೇ ಆಯಿತು. ಆನೇಮಹಲ್‌ಗೆ ಹೋಗಿ ಹೆಂಗಸರನ್ನು ಕರೆತಂದ. ಹಿಂದಿರುಗುವಾಗ ಆ ತಿರುವಿನಲ್ಲಿ ರೆಪ್ಪೆ ಎರಡು ಸಲ ಭಾರವಾಯಿತು. ಹಿಂದಿನಿಂದ ಯಾರೋ ಬೇಕೆಂದೇ ಜೋರಾಗಿ ಕೆಮ್ಮಿದರು. ಅವನು ಕೆನ್ನೆ ಒಳಗಿನ ಮಾಂಸ ಕಚ್ಚಿಕೊಂಡು ಓಡಿಸಿದ. ಬಾಯಲ್ಲಿ ರಕ್ತದ ರುಚಿ ಬಂತು.

ಹತ್ತು ಗಂಟೆಯ ಬಿಸಿಲಿಗೆ ಬೆಟ್ಟಮ್ಮ ಕಣದಲ್ಲಿ ಕಾಫಿ ಹರವುತ್ತಿದ್ದಳು. ಕಣ್ಣು ಕೆಂಡದ ಹಾಗಿದ್ದವು. ಹರವುತ್ತಾ ಹರವುತ್ತಾ ಕೈ ನಿಂತಿತು. ಹಲಗೆಯ ಕೋಲಿಗೆ ಗಲ್ಲ ಆನಿಸಿ ನಿಂತಲ್ಲೇ ನಿದ್ದೆ ಹೋದಳು. ಆಳು ಬೋರಯ್ಯ ನೋಡಿ, "ಅಮ್ಮಾವ್ರು ಬಿದ್ದೋಗ್ತಾರೆ ಗೌಡ್ರೇ," ಎಂದು ಅವಳ ಕಡೆ ಹೋದ.

ರಾತ್ರಿಯೆಲ್ಲಾ ಎದ್ದಿದ್ದು ಇವಳು ಏನು ಮಾಡುತ್ತಿದ್ದಳು? ಕರಿಯಪ್ಪ ಅಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಒಳಗೆ ಹೋಗಿ ಹುಡುಕಲು ಶುರು ಮಾಡಿದ. ಟ್ರಂಕು ನೋಡಿದ, ಅಟ್ಟ ನೋಡಿದ, ಕಟ್ಟಕಡೆಗೆ ಅಕ್ಕಿ ಡ್ರಮ್ಮಿಗೆ ಕೈ ಹಾಕಿದಾಗ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಟೇಪ್ ರೆಕಾರ್ಡರ್ ಸಿಕ್ಕಿತು. ಒಳಗೆ ಒಂದು ಕ್ಯಾಸೆಟ್ಟು. ಮೇಲೆ ಹೆಸರಿಲ್ಲ. ಅದನ್ನು ಪಂಚೆಯ ಮಡಿಲಿನಲ್ಲಿ ಅಡಗಿಸಿಕೊಂಡು, ತನ್ನ ಮನೆಯಲ್ಲೇ ಕಳ್ಳನಂತೆ ಸ್ಟೋರಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ನಿನ್ನೆ ತಂದು ಹಾಕಿದ ದಿಂಡಿನ ಮೇಲೆ ಕೂತು ಗುಂಡಿ ಒತ್ತಿದ.

ಮೊದಲು ಒಂದಿಷ್ಟು ಗರಗರ. ಆಮೇಲೆ ಯಾರೋ ದಪ್ಪ ಮರ ಕುಯ್ಯುವ ಸದ್ದು. ಅದು ತನ್ನ ಗೊರಕೆ ಎಂದು ತಿಳಿಯಲು ಕರಿಯಪ್ಪನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನಿಗೆ ನಗು ಬಂತು. ಈ ಸಿರಿಗೆ ಇಷ್ಟು ಮುಚ್ಚುಮರೆಯೇ? ಗೊರಕೆ ಏರಿತು, ಇನ್ನೂ ಏರಿತು, ಒಮ್ಮೆ ಕತ್ತು ಹಿಚುಕಿದಂತೆ ಕೊಕ್ ಎಂದಿತು. ಅಲ್ಲಿಗೆ ನಿಂತುಹೋಯಿತು.

ಏನೂ ಇಲ್ಲ. ಟೇಪು ತಿರುಗುತ್ತಿತ್ತು. ಏನೂ ಇಲ್ಲ.

"ಹಾಂ," ಎಂದ ಕರಿಯಪ್ಪ ತನಗೆ ತಾನೇ. "ಇಲ್ಲೇ ಐತೆ ನಿನ್ನ ಕೈಚಳಕ, ಅಳಿಯ."

ರೇಡಿಯೋ ಬಿಚ್ಚಿ ಜೋಡಿಸುವವನಿಗೆ ಟೇಪಿನ ನಡುವೆ ಒಂದಿಷ್ಟು ಮೌನ ತುಂಬಿಸುವುದು ಯಾವ ಮಹಾ ಕೆಲಸ? ಇದನ್ನು ಡಾಕ್ಟರಿಗೆ ಕೇಳಿಸುವುದು, ಅವರು ರೋಗವೆಂದು ಬರೆಯುವುದು, ಕೀಲಿ ಕಿತ್ತುಕೊಳ್ಳುವುದು. ದಾರಿ ಎಷ್ಟು ಸಲೀಸು! ಅವನು ಹಲ್ಲು ಕಡಿದುಕೊಂಡು ಕ್ಯಾಸೆಟ್ಟನ್ನು ಕಿತ್ತು ಬಿಸಾಡಲು ಕೈ ಚಾಚಿದ.

ಢಣ್.

ಕೈ ಅಲ್ಲೇ ನಿಂತಿತು. ಸದ್ದು ಬಂದದ್ದು ಹೊರಗಿನಿಂದಲ್ಲ. ಹೊರಗೆ ಬಡಿಯಬೇಕಾದ ದಿಂಡಿನ ಮೇಲೆ ಅವನೇ ಕೂತಿದ್ದ. ಸದ್ದು ಟೇಪಿನ ಒಳಗಿತ್ತು, ದೂರದ್ದು, ಸಣ್ಣದು, ಆದರೆ ತನ್ನದೇ ಡಬ್ಬ. ಅವನಿಗೆ ಕಾಣದಂತೆ ರೆಕಾರ್ಡರನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಿರಬೇಕು, ಅದಕ್ಕೇ ಬಯಲಿನ ಸದ್ದೂ ತುಂಬಿಕೊಂಡಿತ್ತು.

ಕರಿಯಪ್ಪ ಟೇಪನ್ನು ಹಿಂದಕ್ಕೆ ತಿರುಗಿಸಿ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡ. ಈ ವರ್ಷದ ನೀರಿಗೆ ಡಬ್ಬ ಹದಿನಾರು ಸೆಕೆಂಡಿಗೊಮ್ಮೆ ಬಡಿಯುವಂತೆ ಬಿದಿರನ್ನು ಸರಿಸಿ ಸರಿಸಿ ಕೂರಿಸಿದವನು ಅವನು. ಗೊರಕೆ ಇರುವಾಗ ಢಣ್, ಹದಿನಾರು ಸೆಕೆಂಡು, ಢಣ್. ಸರಿ. ಗೊರಕೆ ಕೊಕ್ ಎಂದು ನಿಂತಿತು. ಮೌನದೊಳಗೆ ಢಣ್. ಗಡಿಯಾರ ನೋಡಿದ. ಹದಿನಾರು. ಮತ್ತೆ ಢಣ್. ಹದಿನಾರು. ಎಲ್ಲಾದರೂ ಟೇಪು ನಿಲ್ಲಿಸಿ ಮತ್ತೆ ಹಚ್ಚಿದ್ದರೆ, ಎಲ್ಲಾದರೂ ಮೌನವನ್ನು ಹೊರಗಿನಿಂದ ತಂದು ತುರುಕಿದ್ದರೆ, ಬಡಿತ ತಪ್ಪಲೇಬೇಕಿತ್ತು. ಅದು ತಪ್ಪಿರಲಿಲ್ಲ. ಅಳಿಯನಿಗೆ ಟೇಪು ಗೊತ್ತಿರಬಹುದು, ಹಳ್ಳದ ನೀರಿಗೆ ಯಾರು ಹೇಳಿಕೊಟ್ಟಾರು?

ಹಾಗಾದರೆ ಅಷ್ಟು ಹೊತ್ತು ಕತ್ತಲ ಕೋಣೆಯಲ್ಲಿ ಎಲ್ಲವೂ ನಡೆಯುತ್ತಿತ್ತು, ನೀರು ತುಂಬುತ್ತಿತ್ತು, ದಿಂಡು ಬಾಗುತ್ತಿತ್ತು. ನಿಂತಿದ್ದು ಅವನ ಉಸಿರೊಂದೇ. ಕರಿಯಪ್ಪ ಟೇಪನ್ನು ಮತ್ತೊಮ್ಮೆ ಹಿಂದಕ್ಕೆ ತಿರುಗಿಸಿದ. ಗೊರಕೆ ನಿಂತ ಗಳಿಗೆಯಿಂದ ತಾನೂ ಮೂಗು ಹಿಡಿದುಕೊಂಡು ಗಡಿಯಾರ ನೋಡುತ್ತಾ ಕೂತ. ಇಪ್ಪತ್ತೈದು ಸೆಕೆಂಡಿಗೆ ಕಣ್ಣು ಮೇಲೆ ಸಿಕ್ಕಿಕೊಂಡವು, ಮೂವತ್ತಕ್ಕೆ ಬಾಯಿ ತೆರೆದು ಹಸುವಿನಂತೆ ಉಸಿರೆಳೆದ. ಟೇಪಿನೊಳಗಿನವನು ಇನ್ನೂ ಎಳೆದಿರಲಿಲ್ಲ.

ಮೂರನೆಯ ಢಣ್ ಬಿತ್ತು. ಅದರ ಬೆನ್ನಿಗೇ ಬಳೆಗಳ ಕಿಣಿಕಿಣಿ. ಧಪ್ ಎಂದು ಮೊಣಕೈ ಮೈಗೆ ತಾಗಿದ ಸದ್ದು. ಆಮೇಲೆ ಮುಳುಗಿದವನು ನೀರಿನಿಂದ ತಲೆ ಎತ್ತಿದಂತೆ ಒಂದು ದೊಡ್ಡ ಏದುಸಿರು, ಮತ್ತು ಅವನದೇ ದನಿ, ನಿದ್ದೆಗಣ್ಣಿನ ಒರಟು ದನಿ:

"ಏನೇ ನಿನ್ನ ಕಾಟ, ಮುಂಡೇದೇ."

"ಏನಿಲ್ಲ. ಮಲೀಕಳಿ," ಎಂದಿತು ಬೆಟ್ಟಮ್ಮನ ದನಿ.

ಗೊರಕೆ ಶುರುವಾಯಿತು. ನಿಂತಿತು. ಢಣ್, ಢಣ್. ಈ ಸಲ ಎರಡಕ್ಕೆ ಅವನೇ ಉಸಿರೆಳೆದ, ಬಳೆ ಸದ್ದು ಮಾಡಲಿಲ್ಲ. ಮತ್ತೆ ನಿಂತಿತು. ಢಣ್, ಢಣ್, ಢಣ್, ಬಳೆ, ಧಪ್. "ಏನಿಲ್ಲ. ಮಲೀಕಳಿ." ಕ್ಯಾಸೆಟ್ಟಿನ ಆ ಒಂದು ಮಗ್ಗುಲು ಮುಗಿಯುವವರೆಗೆ ಕರಿಯಪ್ಪ ಕೂತು ಕೇಳಿದ. ಹನ್ನೊಂದು ಸಲ ಬಳೆ ಸದ್ದಾದ ಮೇಲೆ ಎಣಿಸುವುದನ್ನು ಬಿಟ್ಟ. ಎಡ ಪಕ್ಕೆಯ ನೀಲಿ ಗುರುತಿನ ಮೇಲೆ ಅವನ ಕೈ ತಾನಾಗಿ ಹೋಗಿ ಕೂತಿತ್ತು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಬೆಟ್ಟಮ್ಮ ಕಣದ ಕಟ್ಟೆಯ ಮೇಲೆ ಕೂತು ಬೋರಯ್ಯ ತಂದುಕೊಟ್ಟ ನೀರು ಕುಡಿಯುತ್ತಿದ್ದಳು. ಗಂಡನ ಕೈಯಲ್ಲಿದ್ದ ರೆಕಾರ್ಡರ್ ನೋಡಿ ಚೊಂಬು ಕೆಳಗಿಟ್ಟಳು.

"ಬಯ್ಬೇಡಿ. ಡಾಕ್ಟ್ರು ಹೇಳಿದ್ರಲ್ಲ ಅಂತ ಮೋಹನಂಗೆ ನಾನೇ ಕೇಳ್ದೆ. ಅವಂದೇನೂ ತಪ್ಪಿಲ್ಲ. ನಿಮ್ಮ ಮುಖ ಸರೀಗಿದ್ದಾಗ ಕೊಡಣ ಅಂತ ಇಟ್ಕೊಂಡಿದ್ದೆ."

"ಮೂರಕ್ಕೆ ತಿವೀತೀಯಾ?" ಎಂದ ಕರಿಯಪ್ಪ.

ಬೆಟ್ಟಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಎರಡು ಬಡಿಯಗಂಟ ಕಾಯ್ತೀನಿ. ಎಷ್ಟೋ ಸಲ ನೀವೇ ಉಸ್ರು ತಗೀತೀರಿ. ಮೂರಾದ್ರೆ ನಂಗೆ ಧೈರ್ಯ ಇಲ್ಲ ಕಣ್ರೀ."

"ಎಷ್ಟು ದಿನದಿಂದ?"

"ತಿವಿಯಾದು ಎರಡು ವರ್ಷ ಆಯ್ತು. ಮೊದ್ಲು ಎದೆ ಮೇಲೆ ಕೈ ಇಟ್ಕೊಂಡು ಎದ್ದೇ ಇರ್ತಿದ್ದೆ. ಈ ಸಲ ಡಬ್ಬ ಕಟ್ಟಿದ್ಮೇಲೆ ಅರೆ ನಿದ್ದೇಲೇ ಎಣಿಸಾದು ಅಭ್ಯಾಸ ಆಗ್ಬುಡ್ತು. ಒಂದಕ್ಕೊಂದು ನಡುವೆ ಕಣ್ಣು ಮುಚ್ಬೌದು. ಡಬ್ಬ ಇಲ್ದಿದ್ರೆ ಎಷ್ಟೊತ್ತಾಯ್ತು ಅಂತ ತಿಳೀದೇ ಇಲ್ಲ. ನಿನ್ನೆ ಒಂದೇ ಸಮನೆ ತಿವ್ದು ತಿವ್ದು ಇಟ್ಟೆ, ನಿಮ್ಗೆ ನಿದ್ದೇನೂ ಆಗಿರಾದಿಲ್ಲ."

"ಹೇಳಕ್ಕೇನಾಗಿತ್ತು ನಿಂಗೆ?"

"ಡಾಕ್ಟ್ರ ಮುಂದೆ ಹೇಳಕ್ಕೆ ಬಾಯಿ ತೆಗ್ದೆ. ಉಸ್ರು ನಿಂತೋನು ಕಾಫಿ ಕುಡೀತಾನಾ ಅಂದ್ರಿ. ಡಬ್ಬದ ವಿಷ್ಯ ಹೇಳಿದ್ರೆ ಹುಚ್ಚಿ ಅಂತಿದ್ರಿ. ಅದ್ಕೇ ಹಂದಿ ಅಂದೆ."

ಕರಿಯಪ್ಪನಿಗೆ ಅಳು ಬಂತು. ಆನೇಮಹಲ್‌ನ ಹೆಂಗಸರೆಲ್ಲ ಗಿಡಗಳ ಸಂದಿಯಿಂದ ನೋಡುತ್ತಿದ್ದರು, ಬೋರಯ್ಯ ನೋಡುತ್ತಿದ್ದ. ಐವತ್ತಾರು ವರ್ಷದ ಗಂಡಸು ಕಣದ ನಡುವೆ ನಿಂತು ಹೆಗಲ ಟವಲಿನಲ್ಲಿ ಮುಖ ಒರೆಸಿಕೊಂಡ. ಕಾಫಿ ಗುಡ್ಡೆಯ ಜಾಗದಲ್ಲಿ ಬೂದಿಯ ಗೆರೆ ಇನ್ನೂ ಇತ್ತು. ಅದನ್ನು ಕಾಲಿನಿಂದ ಉಜ್ಜಿ ಅಳಿಸಿದ. ಯಾರಿಗಾಗಿ ಎಳೆದದ್ದೆಂದು ಬೆಟ್ಟಮ್ಮ ಕೇಳಲಿಲ್ಲ. ಕೇಳಿದ್ದರೆ ಅವನು ಅಲ್ಲೇ ಕುಸಿಯುತ್ತಿದ್ದ.

ಅಂಗಡಿಗೆ ಫೋನು ಮಾಡಿಸಿದ ಮೇಲೆ ಮೋಹನ್ ಮಧ್ಯಾಹ್ನದ ಹೊತ್ತಿಗೆ ಹೆದರಿಕೊಂಡೇ ಬಂದ. ಕರಿಯಪ್ಪ ಅಂಗಿ ಎತ್ತಿ ಉಡಿದಾರದ ಗಂಟಿಗೆ ಕೈ ಹಾಕಿದ. ವರ್ಷಗಟ್ಟಲೆ ಬಿಚ್ಚದ ಗಂಟು, ಬೆವರು ಕುಡಿದು ಕಲ್ಲಾಗಿತ್ತು. ಉಗುರಿಗೂ ಬರಲಿಲ್ಲ, ಹಲ್ಲಿಗೂ ಸಿಗಲಿಲ್ಲ. ಕೊನೆಗೆ ಬೋರಯ್ಯನ ಕುಡುಗೋಲಿನಿಂದ ದಾರವನ್ನೇ ಕೊಯ್ದು ಕೀಲಿಯನ್ನು ಅಳಿಯನ ಅಂಗೈಗೆ ಹಾಕಿದ.

"ಸಂಜೆ ಇವ್ರನ್ನ ನೀನೇ ಬಿಟ್ಟು ಬಾ. ಗಂಗಾಮಣೀನ ಮುಂದಿನ ಸೀಟಿನಾಗೆ ಕೂರಿಸ್ಕೋ. ಬರಲ್ಲ ಅಂದ್ರೆ, ಗೌಡ್ರು ಓಡ್ಸಲ್ಲ ಅಂತ ಹೇಳು. ಮಂಗಳೂರಿನೋರಿಗೆ ಯಾವತ್ತು ಬರ್ಬೇಕು ಅಂತ ಕೇಳು."

"ನಾಳೇನೇ ಕೇಳ್ತೀನಿ ಮಾವ."

"ಆ ಮೆಷಿನ್ನು ಕರೆಂಟು ಹೋದ್ರೆ ಏನು ಮಾಡ್ತದೆ? ಮೂಗಿಗೆ ಕಟ್ಕೊಂಡು ಸಾಯಾದಾ?"

"ಬ್ಯಾಟ್ರಿಗೆ ಹಾಕ್ಬೌದು ಅನ್ಸುತ್ತೆ. ಕೇಳಿ ನೋಡ್ತೀನಿ."

"ಅನ್ಸುತ್ತೆ ಗಿನ್ಸುತ್ತೆ ಬ್ಯಾಡ. ಸರೀಗೆ ಕೇಳಿ ಬರ್ಸ್ಕೊಂಡು ಬಾ," ಎಂದ ಕರಿಯಪ್ಪ. ಅಷ್ಟೂ ಕೇಳದಿದ್ದರೆ ಅವನು ಕರಿಯಪ್ಪನೇ ಅಲ್ಲ.

ಆಮೇಲೆ ದಿಂಡನ್ನು ಹೆಗಲ ಮೇಲೆ ಹೊತ್ತು ಬಯಲಿಗಿಳಿದ. ಬೋರಯ್ಯ ಕೈ ಹಾಕಲು ಬಂದರೆ ಬಿಡಲಿಲ್ಲ. ಕೂಳೆಯ ನಡುವೆ ಕವೆಗೋಲು ನೆಟ್ಟು, ದಿಂಡು ಕೂರಿಸಿ, ಬಿದಿರನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸಿ, ಗಡಿಯಾರ ಹಿಡಿದು ಕಾದ. ಹದಿನೆಂಟು. ಮತ್ತೆ ಸರಿಸಿದ. ಹದಿನೇಳು. ಹದಿನಾರು ಬರುವವರೆಗೆ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ.

ಮನೆಗೆ ಬಂದು ಬೆಟ್ಟಮ್ಮನಿಗೆ, "ಹೋಗಿ ಮಲೀಕ," ಎಂದ.

"ಹಗ್ಲೊತ್ನಾಗೆ? ಕಾಫಿ ಯಾರು ಹರವ್ತಾರೆ?"

"ಮಲೀಕ ಅಂದೆ."

ಅವಳು ಚಾಪೆಯ ಮೇಲೆ ತಲೆ ಇಟ್ಟದ್ದಷ್ಟೇ ಗೊತ್ತು. ಕರಿಯಪ್ಪ ಹೊಸ್ತಿಲ ಮೇಲೆ ಕೂತ. ಅವನ 'ಏನೇ ನಿನ್ನ ಕಾಟ'ಕ್ಕೆ ಎರಡು ವರ್ಷ 'ಏನಿಲ್ಲ' ಎಂದ ಮುಖ ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿತ್ತು. ಕೆಳಗೆ ಡಬ್ಬ ಬಡಿಯಿತು. ಅವಳ ಎದೆಯ ಮೇಲಿನ ಸೆರಗು ಏರಿತು, ಇಳಿಯಿತು. ಮತ್ತೊಮ್ಮೆ ಬಡಿಯಿತು. ಏರಿತು, ಇಳಿಯಿತು. ಅವನಿಗೆ ತೂಕಡಿಕೆ ಬಂತು, ಕೆನ್ನೆ ಕಚ್ಚಿಕೊಂಡ.

ಬಿಸಿಲು ಇಳಿದ ಮೇಲೆ ಬೋರಯ್ಯ ಬಾಗಿಲಿಗೆ ಬಂದು, "ಕಾಫಿ ಗುಡ್ಡೆ ಮಾಡಾದಾ ಗೌಡ್ರೇ? ಅಮ್ಮಾವ್ರು ಇನ್ನೂ ಏಳ್ಲಿಲ್ವಾ?" ಎಂದ.

ಕರಿಯಪ್ಪ ಕಣ್ಣನ್ನು ಅವಳ ಸೆರಗಿನ ಮೇಲಿನಿಂದ ತೆಗೆಯದೆ, ಕೈ ಎತ್ತಿ ತಡೆದ.

"ಸುಮ್ನಿರೋ ಮಾರಾಯ. ಎಣಿಕೆ ತಪ್ಪೋಯ್ತದೆ."